ಮರುದಿನದ ಸಭೆ: ಅಥೆನ್ಸಿನ ಪ್ರಜಾಪ್ರಭುತ್ವ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ

ಕ್ರಿ.ಪೂ. 427ರ ಬೇಸಿಗೆಯ ಒಂದು ದಿನ ಅಥೆನ್ಸಿನ ಪೌರರು ಸಭೆ ಸೇರಿ, ಕೈ ಎತ್ತಿ, ಒಂದು ಊರಿಗೆ ಊರನ್ನೇ ಅಳಿಸಿಬಿಡುವ ತೀರ್ಮಾನ ಮಾಡಿದರು. ಅದು ಲೆಸ್ಬೋಸ್ ದ್ವೀಪದ ಮಿಟಿಲೀನ್ ಎಂಬ ಊರು. ಅಥೆನ್ಸಿನ ಮಿತ್ರಕೂಟದಲ್ಲಿದ್ದು, ನಡುಯುದ್ಧದಲ್ಲಿ ದಂಗೆಯೆದ್ದು, ಮುತ್ತಿಗೆಗೆ ಸಿಕ್ಕಿ ಸೋತು ಶರಣಾಗಿತ್ತು. ಅಲ್ಲಿನ ವಯಸ್ಸಿಗೆ ಬಂದ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಬೇಕು ಎಂದು ಆಜ್ಞೆಯಾಯಿತು. ಆಜ್ಞೆ ಹೊತ್ತ ಹಡಗು ಆಗಲೇ ಹೊರಟಿತು.

ಬೆಳಗಾಗುವ ಹೊತ್ತಿಗೆ ಊರಿನ ಮನಸ್ಸು ಕಲಕಿಹೋಗಿತ್ತು. ದಂಗೆ ಎಬ್ಬಿಸಿದವರು ಬೇರೆ, ಸುಮ್ಮನೆ ಅಲ್ಲಿ ಬಾಳುತ್ತಿದ್ದವರು ಬೇರೆ. ಎಲ್ಲರನ್ನೂ ಒಂದೇ ಕತ್ತಿಗೆ ಕೊಡುವುದೇ? ಜನ ಮತ್ತೆ ಸಭೆ ಕರೆಯಿರೆಂದರು. ನಿನ್ನೆ ಕೈ ಎತ್ತಿದವರೇ ಇಂದು ಮತ್ತೆ ಬಂದು ಕೂತರು.

ಪ್ರಾಚೀನ ಗ್ರೀಸ್ ಎಂದರೆ ನಮಗೆ ಮೊದಲು ನೆನಪಾಗುವುದು ಅಮೃತಶಿಲೆಯ ಕಂಬಗಳು, ಸಾಕ್ರೆಟಿಸನ ಗಡ್ಡ, ಅಲೆಕ್ಸಾಂಡರನ ಕುದುರೆ. ನನ್ನ ಮಟ್ಟಿಗೆ ಆ ನಾಗರಿಕತೆಯ ಜೀವ ಇರುವುದು ಈ ಎರಡನೇ ದಿನದ ಸಭೆಯಲ್ಲಿ. ರಾಜನೂ ಪುರೋಹಿತನೂ ಇಲ್ಲದೆ, ಬರೀ ಮಾತಿನ ಬಲದ ಮೇಲೆ ನಿಂತ ಊರು ಅದು. ತಪ್ಪು ಮಾಡುವ ಅಧಿಕಾರವೂ ತಿದ್ದಿಕೊಳ್ಳುವ ಅಧಿಕಾರವೂ ಒಂದೇ ಗುಂಪಿನ ಕೈಯಲ್ಲಿತ್ತು. ತಿದ್ದಿಕೊಳ್ಳಲು ಸಮಯ ಸಿಕ್ಕಾಗ ಏನಾಯಿತು, ಸಿಗದಾಗ ಏನಾಯಿತು ಎಂದು ನೋಡುತ್ತ ಹೋದರೆ ಅಥೆನ್ಸಿನ ಒಂದು ಶತಮಾನದ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಆ ಕಾಲದಲ್ಲಿ ಗ್ರೀಸ್ ಎಂಬ ದೇಶ ಇರಲಿಲ್ಲ. ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರದ ದಂಡೆಗಳುದ್ದಕ್ಕೂ ಸಾವಿರಕ್ಕೂ ಹೆಚ್ಚು ಪುಟ್ಟ ನಗರರಾಜ್ಯಗಳು ಹರಡಿಕೊಂಡಿದ್ದವು. ಭಾಷೆ, ದೇವರು, ಒಲಿಂಪಿಕ್ ಆಟಗಳು ಎಲ್ಲರಿಗೂ ಸೇರಿದ್ದು. ಕಾನೂನು, ನಾಣ್ಯ, ಸೇನೆ ಅವರವರದು. ನಮ್ಮ ಹಳೆಯ ಗ್ರಂಥಗಳ ‘ಯವನ’ ಎಂಬ ಪದವೂ ಇವುಗಳ ಒಂದು ಭಾಗವಾದ ಅಯೋನಿಯಾದ ಹೆಸರಿನಿಂದಲೇ ಬಂದದ್ದು. ಅಥೆನ್ಸ್ ಈ ಸಾವಿರದಲ್ಲಿ ಒಂದು, ಸ್ಪಾರ್ಟಾ ಇನ್ನೊಂದು.

ಅಥೆನ್ಸಿನಲ್ಲಿ ಬದಲಾವಣೆ ಶುರುವಾದದ್ದು ಜೀತದಿಂದ. ಸಾಲ ತೀರಿಸಲಾಗದ ರೈತ ತನ್ನ ಮೈಯನ್ನೇ ಒತ್ತೆಯಿಟ್ಟು, ಕೊನೆಗೆ ಗುಲಾಮನಾಗಿ ಮಾರಾಟವಾಗುತ್ತಿದ್ದ. ಕ್ರಿ.ಪೂ. 594ರಲ್ಲಿ ಅಧಿಕಾರಕ್ಕೆ ಬಂದ ಸೋಲೋನ್ ಅಂಥ ಸಾಲಗಳನ್ನು ರದ್ದು ಮಾಡಿ, ಇನ್ನು ಮುಂದೆ ಯಾವ ಅಥೆನ್ಸಿನವನೂ ಸಾಲಕ್ಕೆ ಮೈ ಒತ್ತೆಯಿಡಕೂಡದೆಂದು ಕಾನೂನು ತಂದ. ಆಮೇಲೆ ಕೆಲವು ದಶಕ ಸರ್ವಾಧಿಕಾರಿಗಳು ಆಳಿದರು. ಅವರು ತೊಲಗಿದ ಮೇಲೆ, ಕ್ರಿ.ಪೂ. 508ರ ಸುಮಾರಿಗೆ, ಕ್ಲೈಸ್ತೆನೀಸ್ ಎಂಬಾತ ಊರಿನ ಒಳಗಟ್ಟನ್ನೇ ಬದಲಿಸಿದ. ಹಳೆಯ ಮನೆತನಗಳ ಬಣಗಳನ್ನು ಒಡೆದು, ಕರಾವಳಿಯವರು, ಒಳನಾಡಿನವರು, ನಗರದವರು ಮೂವರೂ ಬೆರೆತಿರುವ ಹತ್ತು ಹೊಸ ಕುಲಗಳನ್ನು ಕಟ್ಟಿದ. ಒಂದೊಂದರಿಂದ 50 ಜನರಂತೆ 500 ಜನರ ಮಂಡಲಿ. ಮುಂದಿನ ಕಾಲದಲ್ಲಿ ಈ ಮಂಡಲಿಗೆ ಜನರನ್ನು ಆರಿಸುತ್ತಿದ್ದದ್ದು ಚೀಟಿ ಎತ್ತಿ.

ಚೀಟಿ ಎತ್ತುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಚುನಾವಣೆಯೇ ಪ್ರಜಾಪ್ರಭುತ್ವ ಎಂದು ನಾವು ನಂಬಿದ್ದೇವೆ. ಅಥೆನ್ಸಿನವರ ಲೆಕ್ಕ ಬೇರೆಯಿತ್ತು. ಚುನಾವಣೆಯಲ್ಲಿ ಗೆಲ್ಲುವವನು ಹಣವಂತ, ಹೆಸರುವಂತ, ಮಾತುಗಾರ. ಚೀಟಿಯಲ್ಲಿ ಮಾತ್ರ ಚಮ್ಮಾರನಿಗೂ ಜಮೀನುದಾರನಿಗೂ ಸಮ ಅವಕಾಶ ಎಂದು ಅವರು ತಿಳಿದಿದ್ದರು. ಹಾಗಾಗಿ ಬಹುತೇಕ ಹುದ್ದೆಗಳು ಚೀಟಿಯಲ್ಲೇ ತುಂಬುತ್ತಿದ್ದವು, ಅದೂ ಒಂದು ವರ್ಷಕ್ಕೆ. ಮಂಡಲಿಯ ದಿನದ ಅಧ್ಯಕ್ಷನ ಅಧಿಕಾರವಂತೂ ಒಂದು ಹಗಲು ಒಂದು ರಾತ್ರಿ ಅಷ್ಟೇ; ಖಜಾನೆಯ ಬೀಗದ ಕೈಯೂ ನಗರದ ಮುದ್ರೆಯೂ ಆ ಒಂದು ದಿನ ಅವನ ಬಳಿ ಇರುತ್ತಿತ್ತು. ಪರಿಣತಿ ಬೇಕಾದ ಸೇನಾಪತಿಯ ಕೆಲಸಕ್ಕೆ ಮಾತ್ರ ವರ್ಷಕ್ಕೆ ಹತ್ತು ಜನರನ್ನು ಕೈ ಎತ್ತಿ ಆರಿಸುತ್ತಿದ್ದರು, ಎಷ್ಟು ಸಲ ಬೇಕಾದರೂ. ಪೆರಿಕ್ಲಿಸ್ ಸತತ ಹದಿನೈದು ವರ್ಷ ಗೆದ್ದದ್ದು ಈ ದಾರಿಯಲ್ಲೇ. ಅವನು ದೊರೆಯಾಗಿರಲಿಲ್ಲ, ಪ್ರತಿ ಸಲವೂ ಎದ್ದು ನಿಂತು ಜನರನ್ನು ಒಪ್ಪಿಸಬೇಕಿತ್ತು.

ಎಲ್ಲಕ್ಕೂ ಮೇಲೆ ಇದ್ದದ್ದು ಪ್ನಿಕ್ಸ್ ಗುಡ್ಡದ ಮೇಲೆ ಸೇರುತ್ತಿದ್ದ ಮಹಾಸಭೆ. ಯುದ್ಧ, ಶಾಂತಿ, ತೆರಿಗೆ, ಹಡಗು, ಎಲ್ಲವೂ ಅಲ್ಲೇ ತೀರ್ಮಾನ. ‘ಯಾರು ಮಾತಾಡುತ್ತೀರಿ?’ ಎಂದು ಸಾರುವವನು ಕೂಗಿದರೆ ಯಾವ ಪೌರನಾದರೂ ಮುಂದೆ ಬರಬಹುದು. ಸಂತೆಯಲ್ಲಿ ಹರಟುತ್ತ ನಿಂತವರನ್ನು ಕೆಂಪು ಬಣ್ಣ ಬಳಿದ ಹಗ್ಗ ಹಿಡಿದು ಸಭೆಯ ಕಡೆಗೆ ಅಟ್ಟುತ್ತಿದ್ದರೆಂದು ಆ ಕಾಲದ ಹಾಸ್ಯನಾಟಕವೊಂದರಲ್ಲಿ ಬರುತ್ತದೆ. ಬಟ್ಟೆಗೆ ಬಣ್ಣ ಅಂಟಿದರೆ ಸೋಮಾರಿಯೆಂದು ಊರಿಗೇ ಗೊತ್ತಾಗುತ್ತದೆ.

ಯಾರಾದರೂ ವಿಪರೀತ ಬೆಳೆದರೆ ಅದಕ್ಕೂ ಉಪಾಯವಿತ್ತು. ಮಡಕೆಯ ಬೋಕಿಯ ಮೇಲೆ ಹೆಸರು ಗೀಚಿ ಹಾಕುವ ಮತದಾನ. ಒಟ್ಟು 6000 ಬೋಕಿ ಬಿದ್ದರೆ, ಅತಿ ಹೆಚ್ಚು ಸಲ ಹೆಸರು ಬಂದವನಿಗೆ ಹತ್ತು ವರ್ಷ ಗಡಿಪಾರು. ಆಸ್ತಿ ಮುಟ್ಟುಗೋಲು ಇಲ್ಲ, ಅಪರಾಧ ಹೊರಿಸುವುದೂ ಇಲ್ಲ. ಅಕ್ರೊಪೊಲಿಸ್ ಗುಡ್ಡದ ಉತ್ತರ ಇಳಿಜಾರಿನ ಬಾವಿಯೊಂದರಲ್ಲಿ ಥೆಮಿಸ್ಟೋಕ್ಲಿಸನ ಹೆಸರಿದ್ದ ಸುಮಾರು 190 ಬೋಕಿಗಳು ಸಿಕ್ಕಿವೆ. ಬರವಣಿಗೆ ನೋಡಿದರೆ ಅಷ್ಟನ್ನೂ ಬರೆದವರು ಹದಿನಾಲ್ಕೇ ಜನ. ಅಕ್ಷರ ಬಾರದವರಿಗೂ ಅವಸರದಲ್ಲಿ ಬಂದವರಿಗೂ ಹಂಚಲು ಯಾರೋ ಮೊದಲೇ ಬರೆಸಿಟ್ಟಿದ್ದರು. ಎರಡೂವರೆ ಸಾವಿರ ವರ್ಷದ ಹಿಂದಿನ ಆ ಚುನಾವಣಾ ತಂತ್ರವನ್ನು ಇಂದಿಗೂ ಕೈಯಲ್ಲಿ ಹಿಡಿದು ನೋಡಬಹುದು ಎಂಬುದು ನನಗೆ ಯಾವಾಗಲೂ ರೋಮಾಂಚನದ ಸಂಗತಿ.

ಈ ಥೆಮಿಸ್ಟೋಕ್ಲಿಸ್ ಸಾಮಾನ್ಯನಲ್ಲ. ಕ್ರಿ.ಪೂ. 483ರ ಹೊತ್ತಿಗೆ ಲಾರಿಯಮ್ಮಿನ ಗಣಿಯಲ್ಲಿ ಹೇರಳ ಬೆಳ್ಳಿ ಸಿಕ್ಕಿತು. ತಲೆಗೆ ಹತ್ತು ದ್ರಾಕ್ಮದಂತೆ ಹಂಚಿಕೊಳ್ಳೋಣ ಎಂದು ಸಭೆ ಹೊರಟಿತ್ತು. ಬೇಡ, ಹಡಗು ಕಟ್ಟೋಣ ಎಂದು ಅವನು ಒಪ್ಪಿಸಿದ. ಮೂರು ವರ್ಷ ಕಳೆದು ಪರ್ಷಿಯಾದ ಚಕ್ರವರ್ತಿ ಕ್ಸೆರ್ಕ್ಸಿಸ್ ದಂಡೆತ್ತಿ ಬಂದು ಅಥೆನ್ಸನ್ನು ಸುಟ್ಟಾಗ, ಊರು ಬಿಟ್ಟ ಜನರನ್ನು ಉಳಿಸಿದ್ದು ಆ ಹಡಗುಗಳೇ. ಸಲಾಮಿಸ್ ದ್ವೀಪದ ಇಕ್ಕಟ್ಟಾದ ಜಲಸಂಧಿಯಲ್ಲಿ ಪರ್ಷಿಯಾದ ನೌಕಾಪಡೆ ನುಚ್ಚುನೂರಾಯಿತು. ಎಂಟು ವರ್ಷದ ಮೇಲೆ ಈಸ್ಕಿಲಸ್ ಆ ಯುದ್ಧವನ್ನು ರಂಗಕ್ಕೆ ತಂದ, ಅದೂ ಸೋತವರ ಅರಮನೆಯಲ್ಲಿ ನಿಂತು, ಅವರ ಅಳುವನ್ನು ಅಳುತ್ತ. ಈ ಅಥೆನ್ಸಿನವರಿಗೆ ಒಡೆಯ ಯಾರು ಎಂದು ಪರ್ಷಿಯಾದ ರಾಜಮಾತೆ ಕೇಳುತ್ತಾಳೆ. ಅವರು ಯಾರ ಆಳುಗಳೂ ಅಲ್ಲ ಎಂಬ ಉತ್ತರ ಬರುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಆ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದದ್ದರಿಂದ ಆ ರಾಜಮಾತೆಯ ಪ್ರಶ್ನೆ ನಮ್ಮ ಭಾಷೆಯಲ್ಲೂ ಇದೆ.

ಹಡಗಿಗೂ ಪ್ರಜಾಪ್ರಭುತ್ವಕ್ಕೂ ಹತ್ತಿರದ ನಂಟು. ನೆಲದ ಮೇಲೆ ಕಾದಾಡಲು ಕಂಚಿನ ಕವಚ ಬೇಕು, ಅದನ್ನು ಕೊಳ್ಳಲು ಹಣ ಬೇಕು. ಟ್ರೈರೀಮ್ ಎಂಬ ಯುದ್ಧನೌಕೆಗೆ ಬೇಕಾದದ್ದು ಮೂರು ಅಂತಸ್ತಿನಲ್ಲಿ ಕೂತು ಹುಟ್ಟು ಹಾಕುವ 170 ಜೊತೆ ತೋಳು. ಆ ತೋಳುಗಳು ಬಂದದ್ದು ಹೆಚ್ಚಾಗಿ ಆಸ್ತಿಯಿಲ್ಲದ ಬಡವರಿಂದ. ಊರನ್ನು ಕಾಯುವವರು ನಾವಾದ ಮೇಲೆ ಊರಿನ ಮಾತಿನಲ್ಲೂ ನಮಗೆ ಪಾಲು ಬೇಕು ಎಂದು ಅವರು ಕೇಳಿದರು, ಪಡೆದರು. ಕ್ರಿ.ಪೂ. 462ರಲ್ಲಿ ಹಳೆಯ ಶ್ರೀಮಂತರ ಕೂಟವಾದ ಅರಿಯೊಪಾಗಸ್ಸಿನ ಅಧಿಕಾರ ಬಹುಪಾಲು ಕಳಚಿತು. ನ್ಯಾಯಾಲಯದಲ್ಲಿ ತೀರ್ಪು ಕೊಡಲು ಕೂರುವ ಪೌರನಿಗೆ ಪೆರಿಕ್ಲಿಸ್ ದಿನಗೂಲಿ ಗೊತ್ತುಮಾಡಿದ.

ಆದರೆ ‘ಜನ’ ಎಂದರೆ ಯಾರು? ಹೆಂಗಸರಿಗೆ ಮತವಿಲ್ಲ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಹೊರಗಿನವರಿಗೂ ಇಲ್ಲ. ಗುಲಾಮರು ಲೆಕ್ಕಕ್ಕೇ ಇಲ್ಲ. ಸಲಾಮಿಸ್ಸಿನ ಹಡಗುಗಳಿಗೆ ಬೆಳ್ಳಿ ಕೊಟ್ಟ ಲಾರಿಯಮ್ಮಿನ ಸುರಂಗಗಳಲ್ಲಿ ದೀಪದ ಬೆಳಕಿನಲ್ಲಿ ತೆವಳುತ್ತ ಅದಿರು ಒಡೆದವರು ಗುಲಾಮರೇ. ಯಾರ ಆಳುಗಳೂ ಅಲ್ಲ ಎಂದು ಹೆಮ್ಮೆಪಟ್ಟವರ ಕಾಲಡಿಯಲ್ಲಿ ಆಳುಗಳಿದ್ದರು. ಇದನ್ನು ಅಡಿಟಿಪ್ಪಣಿಗೆ ತಳ್ಳಿ ಮುಂದೆ ಹೋಗುವ ಬರಹಗಳನ್ನು ನಾನು ಒಪ್ಪಲಾರೆ.

ಸಮುದ್ರದಾಚೆಯೂ ಇದೇ ಕಥೆ. ಪರ್ಷಿಯಾದ ವಿರುದ್ಧ ಒಟ್ಟಾಗಿರಲೆಂದು ಕ್ರಿ.ಪೂ. 478ರಲ್ಲಿ ದ್ವೀಪಗಳೂ ಕರಾವಳಿ ಊರುಗಳೂ ಸೇರಿ ಮಿತ್ರಕೂಟ ಕಟ್ಟಿಕೊಂಡವು. ಖಜಾನೆ ಡೆಲೋಸ್ ದ್ವೀಪದಲ್ಲಿತ್ತು. ಬರಬರುತ್ತ ವಂತಿಗೆ ಕಪ್ಪವಾಯಿತು. ಬಿಟ್ಟು ಹೋಗುತ್ತೇವೆಂದ ಊರುಗಳ ಮೇಲೆ ಅಥೆನ್ಸ್ ಹಡಗು ಕಳಿಸಿತು. ಕ್ರಿ.ಪೂ. 454ರಲ್ಲಿ ಖಜಾನೆಯೇ ಅಥೆನ್ಸಿಗೆ ಬಂತು. ಏಳು ವರ್ಷದ ಮೇಲೆ ಪಾರ್ಥೆನಾನ್ ದೇಗುಲದ ಕೆಲಸ ಶುರುವಾಯಿತು. ಮಿತ್ರರ ದುಡ್ಡಿನಲ್ಲಿ ಊರಿಗೆ ಒಡವೆ ತೊಡಿಸುತ್ತಿದ್ದೀರಿ ಎಂದು ಪೆರಿಕ್ಲಿಸನನ್ನು ಅಥೆನ್ಸಿನೊಳಗಿನ ಅವನ ವಿರೋಧಿಗಳೇ ಹಂಗಿಸಿದರಂತೆ.

ಸ್ಪಾರ್ಟಾ ಇದನ್ನೆಲ್ಲ ನೋಡುತ್ತಿತ್ತು. ಅಲ್ಲಿ ಇಬ್ಬರು ರಾಜರು, ಹಿರಿಯರ ಕೂಟ, ವರ್ಷಕ್ಕೆ ಐವರು ಮೇಲ್ವಿಚಾರಕರು. ಗಂಡುಮಕ್ಕಳು ಏಳನೇ ವಯಸ್ಸಿನಿಂದ ಸೇನೆಯ ಶಿಸ್ತಿನಲ್ಲಿ ಬೆಳೆಯುತ್ತಿದ್ದರು. ಆ ಕಟ್ಟುನಿಟ್ಟಿನ ಹಿಂದೆ ಭಯವಿತ್ತು. ಅವರ ಹೊಲ ಉಳುತ್ತಿದ್ದ ಹೆಲಟ್ ಎಂಬ ಜೀತದ ಜನ ಸಂಖ್ಯೆಯಲ್ಲಿ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಯಾವಾಗ ತಿರುಗಿ ಬೀಳುತ್ತಾರೋ ಎಂಬ ದಿಗಿಲು. ಸ್ಪಾರ್ಟಾದ ಸಭೆಯಲ್ಲಿ ಎಣಿಕೆಯಿಲ್ಲ, ಯಾರ ಕೂಗು ಜೋರೋ ಅವರ ಗೆಲುವು. ಕ್ರಿ.ಪೂ. 432ರಲ್ಲಿ ಅಥೆನ್ಸಿನ ಮೇಲೆ ಯುದ್ಧದ ಪ್ರಶ್ನೆ ಬಂದಾಗ ಮಾತ್ರ, ಯಾವ ಕೂಗು ದೊಡ್ಡದೋ ತಿಳಿಯುತ್ತಿಲ್ಲ ಎಂದು ಹೇಳಿ ಮೇಲ್ವಿಚಾರಕನೊಬ್ಬ ಜನರನ್ನು ಎರಡು ಕಡೆಗೆ ಎದ್ದು ನಿಲ್ಲಿಸಿದ. ಅಂಜುಬುರುಕರೆಂದು ಎಲ್ಲರೆದುರು ಕಾಣಿಸಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಯುದ್ಧದ ಕಡೆಗೇ ಬಹಳ ಮಂದಿ ನಿಂತರು.

ಮರುವರ್ಷ ಶುರುವಾದ ಪೆಲೊಪೊನ್ನೀಸಿಯನ್ ಯುದ್ಧ ನಡುನಡುವೆ ನಿಂತು 27 ವರ್ಷ ಎಳೆಯಿತು. ಅದರ ಕಥೆ ಬರೆದವನು ಥುಸಿಡಿಡೀಸ್, ಸ್ವತಃ ಅಥೆನ್ಸಿನ ಸೇನಾಪತಿ. ಒಂದು ಊರನ್ನು ಕಾಪಾಡಲಾಗದೆ ಹೋದದ್ದಕ್ಕೆ ದೇಶಭ್ರಷ್ಟನಾಗಿ, ದೂರದಿಂದ ಎರಡೂ ಕಡೆಯವರನ್ನು ವಿಚಾರಿಸಿ ಬರೆದ. ಭಾಷಣಗಳನ್ನು ಪದಕ್ಕೆ ಪದ ಕೊಟ್ಟಿಲ್ಲ, ಆಡಿದ್ದರ ಸಾರವನ್ನು ಹಿಡಿದು ಸಂದರ್ಭಕ್ಕೆ ತಕ್ಕ ಮಾತನ್ನು ಬರೆದಿದ್ದೇನೆ ಎಂದು ಅವನೇ ಹೇಳಿಕೊಂಡಿದ್ದಾನೆ. ಹಳ್ಳಿಗಾಡಿನ ಜನರನ್ನೆಲ್ಲ ಕೋಟೆಯೊಳಗೆ ಕರೆದುಕೊಂಡು ಸಮುದ್ರವನ್ನು ನಂಬಿ ಕೂರುವುದು ಪೆರಿಕ್ಲಿಸನ ಯೋಜನೆ. ಆ ಕಿಕ್ಕಿರಿದ ಕೋಟೆಯೊಳಗೆ ಕ್ರಿ.ಪೂ. 430ರಲ್ಲಿ ಮಾರಿ ಹೊಕ್ಕಿತು. ಥುಸಿಡಿಡೀಸನಿಗೂ ರೋಗ ತಗಲಿ ಬದುಕಿದ. ಪೆರಿಕ್ಲಿಸ್ ಮರುವರ್ಷ ಸತ್ತ. ಹೆಣಗಳ ನಡುವೆ, ನಾಯಕನಿಲ್ಲದೆ, ಸಿಟ್ಟಿನಲ್ಲಿ ಬೇಯುತ್ತಿದ್ದ ಊರು ಮಿಟಿಲೀನಿನ ಬಗ್ಗೆ ಕೈ ಎತ್ತಿದ್ದು ಇಂಥ ಹೊತ್ತಿನಲ್ಲಿ.

ಈಗ ಆ ಎರಡನೇ ದಿನಕ್ಕೆ ಬರೋಣ.

ಮೊದಲು ಎದ್ದವನು ಕ್ಲಿಯೋನ್, ನಿನ್ನೆಯ ಆಜ್ಞೆಯನ್ನು ತಂದವನೇ. ಅವನ ಮಾತಿನ ಸಾರ ಇಷ್ಟು: ನಿಮ್ಮ ಸಾಮ್ರಾಜ್ಯ ಒಂದು ಸರ್ವಾಧಿಕಾರ, ಅದನ್ನು ಕರುಣೆಯಿಂದ ನಡೆಸಲಾಗದು, ದಿನಕ್ಕೊಂದು ರೀತಿ ಬದಲಾಗುವ ಒಳ್ಳೆಯ ಕಾನೂನಿಗಿಂತ ಬದಲಾಗದ ಕೆಟ್ಟ ಕಾನೂನು ಮೇಲು, ನೀವು ಭಾಷಣವನ್ನು ನಾಟಕದಂತೆ ನೋಡುತ್ತೀರಿ. ಕೊನೆಯ ಮಾತು ಸುಳ್ಳಲ್ಲ ಎಂಬುದೇ ಅವನ ಶಕ್ತಿ. ಜನರನ್ನು ಬೈಯುತ್ತಲೇ ಜನರನ್ನು ಗೆಲ್ಲುವ ಕಲೆ ಅವನಿಗೆ ಕರಗತ.

ಉತ್ತರಕ್ಕೆ ಎದ್ದವನು ಡಯೊಡೋಟಸ್. ಇತಿಹಾಸದಲ್ಲಿ ಅವನು ಕಾಣಿಸಿಕೊಳ್ಳುವುದು ಇಲ್ಲಿ ಮಾತ್ರ. ಅವಸರ, ಸಿಟ್ಟು ಇವೆರಡೂ ಒಳ್ಳೆಯ ಆಲೋಚನೆಗೆ ವೈರಿಗಳು ಎಂದು ಶುರುಮಾಡಿದ. ಅಚ್ಚರಿಯೆಂದರೆ ಅವನು ಕರುಣೆ ಬೇಡಲೇ ಇಲ್ಲ. ಅವರು ತಪ್ಪಿತಸ್ಥರೋ ಅಲ್ಲವೋ ಎಂಬುದು ಇಂದಿನ ಪ್ರಶ್ನೆಯಲ್ಲ, ನಮಗೆ ಯಾವುದು ಲಾಭ ಎಂಬುದು ಪ್ರಶ್ನೆ ಎಂದ. ಮರಣದಂಡನೆಯ ಹೆದರಿಕೆ ಯಾರನ್ನೂ ತಡೆದಿಲ್ಲ. ಆಸೆ ಮುಂದೆ ನಡೆದರೆ ಮನುಷ್ಯ ಅದರ ಹಿಂದೆ ಹೋಗುತ್ತಾನೆ. ಹೇಗೂ ಸಾಯುವುದೇ ಆದರೆ ನಾಳೆ ದಂಗೆಯೆದ್ದ ಊರು ಶರಣಾಗುವುದಾದರೂ ಏಕೆ? ಮಿಟಿಲೀನಿನ ಸಾಮಾನ್ಯ ಜನ ಆಯುಧ ಕೈಗೆ ಸಿಕ್ಕಿದ ಕೂಡಲೇ ಊರನ್ನು ನಮಗೆ ಒಪ್ಪಿಸಿದರು. ಅವರನ್ನೂ ಕೊಂದರೆ ಎಲ್ಲ ಊರುಗಳ ಬಡವರೂ ನಮ್ಮ ವಿರುದ್ಧ ತಿರುಗುತ್ತಾರೆ. ಸಿಟ್ಟಾದ ಗುಂಪಿನ ಮುಂದೆ ಕರುಣೆಯ ಮಾತಾಡಿದರೆ ಸೋಲುತ್ತೇನೆಂದು ಅವನಿಗೆ ತಿಳಿದಿತ್ತು ಎಂದೇ ನಾನು ಓದುತ್ತೇನೆ. ಲಾಭದ ಮಾತಿನೊಳಗೆ ಸಾವಿರಾರು ಜೀವಗಳನ್ನು ಬಚ್ಚಿಟ್ಟು ದಾಟಿಸಿದ.

ಕೈ ಎತ್ತಿದಾಗ ಎರಡೂ ಕಡೆ ಹೆಚ್ಚುಕಡಿಮೆ ಸಮ. ಕೂದಲೆಳೆಯಲ್ಲಿ ಡಯೊಡೋಟಸ್ ಗೆದ್ದ.

ಆದರೆ ಮೊದಲ ಹಡಗು ಹೊರಟು ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಮಿಟಿಲೀನ್ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರ. ಎರಡನೇ ಹಡಗಿಗೆ ಮಿಟಿಲೀನಿನ ರಾಯಭಾರಿಗಳು ದ್ರಾಕ್ಷಾರಸ, ಹಿಟ್ಟು ತುಂಬಿಸಿ, ಮುಂಚೆ ತಲುಪಿದರೆ ಇನಾಮು ಕೊಡುತ್ತೇವೆಂದರು. ಹುಟ್ಟು ಹಾಕುವವರು ಕೈ ಬಿಡದೆ ದ್ರಾಕ್ಷಾರಸ, ಎಣ್ಣೆಯಲ್ಲಿ ಕಲಸಿದ ಹಿಟ್ಟನ್ನು ಕೂತಲ್ಲೇ ನುಂಗಿದರು, ಸರದಿಯ ಮೇಲೆ ನಿದ್ದೆ ಮಾಡಿದರು. ಪುಣ್ಯಕ್ಕೆ ಎದುರುಗಾಳಿ ಏಳಲಿಲ್ಲ. ಇನ್ನೊಂದು ಸಂಗತಿಯನ್ನು ಥುಸಿಡಿಡೀಸ್ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದೇ. ಮೊದಲ ಹಡಗು ಅವಸರ ಮಾಡಲಿಲ್ಲ. ಅಂಥ ಘೋರ ಕೆಲಸ ಹೊತ್ತವರಿಗೆ ತೋಳು ಮುಂದೆ ಬರಲಿಲ್ಲ. ಅಲ್ಲಿನ ಸೇನಾಪತಿ ಪ್ಯಾಕಿಸ್ ಆಜ್ಞೆ ಓದಿ ಜಾರಿಗೆ ತರಲು ಅಣಿಯಾಗುತ್ತಿದ್ದಂತೆ ಎರಡನೇ ಹಡಗು ಬಂದರು ಸೇರಿತು. ಊರು ಉಳಿಯಿತು. ಎಲ್ಲರೂ ಉಳಿಯಲಿಲ್ಲ, ದಂಗೆಯ ಮುಂದಾಳುಗಳೆಂದು ಅಥೆನ್ಸಿಗೆ ಸಾಗಿಸಿದ್ದವರನ್ನು ಕೊಂದರು, ಅವರ ಸಂಖ್ಯೆ ಸಾವಿರಕ್ಕೂ ಮಿಕ್ಕು ಎಂದು ಥುಸಿಡಿಡೀಸನ ಗ್ರಂಥದಲ್ಲಿದೆ.

ಹನ್ನೊಂದು ವರ್ಷದ ಮೇಲೆ, ಯಾವ ಪಕ್ಷವನ್ನೂ ಸೇರದೆ ಇರುತ್ತೇವೆಂದ ಮೆಲೋಸ್ ಎಂಬ ಪುಟ್ಟ ದ್ವೀಪಕ್ಕೆ ಅದೇ ಶಿಕ್ಷೆಯಾದಾಗ ಎರಡನೇ ಹಡಗು ಬರಲಿಲ್ಲ. ಬಲವಿದ್ದವರು ಮಾಡುವಷ್ಟು ಮಾಡುತ್ತಾರೆ, ಬಲವಿಲ್ಲದವರು ಅನುಭವಿಸುತ್ತಾರೆ ಎಂದು ಅಥೆನ್ಸಿನ ದೂತರು ಅಲ್ಲಿ ನೇರವಾಗಿಯೇ ಹೇಳಿದರಂತೆ. ಮರುವರ್ಷವೇ ಸಭೆ ಸಿಸಿಲಿಯನ್ನು ಗೆಲ್ಲುವ ಕನಸಿಗೆ ಬಿದ್ದು, ತಾನು ಕಳಿಸಿದ ಅತಿ ದೊಡ್ಡ ಪಡೆಯನ್ನು ಅಲ್ಲಿ ಕಳೆದುಕೊಂಡಿತು. ಕ್ರಿ.ಪೂ. 413ರಲ್ಲಿ ಹಿಮ್ಮೆಟ್ಟಲು ಸಿದ್ಧವಾದ ಇರುಳೇ ಚಂದ್ರಗ್ರಹಣ ಹಿಡಿಯಿತು. ಮೂರು ಒಂಬತ್ತು, ಅಂದರೆ 27 ದಿನ ಕಾಯಬೇಕೆಂಬ ಜೋಯಿಸರ ಮಾತಿಗೆ ಸೇನಾಪತಿ ನಿಸಿಯಾಸ್ ನಿಂತುಬಿಟ್ಟ. ಅಷ್ಟರಲ್ಲಿ ದಾರಿ ಮುಚ್ಚಿತು. ಸೆರೆಸಿಕ್ಕ ಸುಮಾರು 7000 ಜನ ಸಿರಾಕ್ಯೂಸಿನ ಕಲ್ಲುಗಣಿಗಳಲ್ಲಿ ಬಿಸಿಲು, ಹಸಿವು, ರೋಗಕ್ಕೆ ಸಿಕ್ಕಿ ನರಳಿದರು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕ್ರಿ.ಪೂ. 406ರ ಪ್ರಕರಣ. ಆರ್ಗಿನೂಸೆ ಬಳಿ ಅಥೆನ್ಸಿನ ನೌಕಾಪಡೆ ಗೆದ್ದಿತ್ತು. ಬಿರುಗಾಳಿ ಎದ್ದದ್ದರಿಂದ, ಒಡೆದ ಹಡಗುಗಳಿಗೆ ತೇಲುತ್ತ ಜೋತುಬಿದ್ದಿದ್ದವರನ್ನು ಎತ್ತಿಕೊಳ್ಳಲಾಗಲಿಲ್ಲ. ಮಕ್ಕಳನ್ನು, ಅಣ್ಣತಮ್ಮಂದಿರನ್ನು ಕಳೆದುಕೊಂಡವರ ದುಃಖ ಸಿಟ್ಟಾಗಿ ಗೆದ್ದ ಸೇನಾಪತಿಗಳ ಮೇಲೆಯೇ ತಿರುಗಿತು. ಎಂಟು ಜನರಿಗೂ ಒಂದೇ ಮತದಲ್ಲಿ ತೀರ್ಪಾಗಲಿ ಎಂಬ ಸೂಚನೆ ಬಂತು. ಒಬ್ಬೊಬ್ಬರನ್ನೂ ಬೇರೆಬೇರೆ ವಿಚಾರಿಸಬೇಕು, ಅದೇ ಕಾನೂನು ಎಂದವರನ್ನು, ಜನ ಬಯಸಿದ್ದನ್ನು ತಡೆಯುವವರು ನೀವು ಯಾರು ಎಂದು ಗುಂಪು ಕೂಗಿ ಅಡಗಿಸಿತು. ಆ ದಿನ ಸಭೆ ನಡೆಸುವ ಸಮಿತಿಯಲ್ಲಿ ಚೀಟಿಯಲ್ಲಿ ಹೆಸರು ಬಂದು ಕೂತಿದ್ದವರಲ್ಲಿ ಒಬ್ಬ, ಕಲ್ಲುಕುಟಿಗನ ಮಗ ಸಾಕ್ರೆಟಿಸ್. ಉಳಿದವರು ಹೆದರಿ ಒಪ್ಪಿದರು. ಕಾನೂನು ಬಿಟ್ಟು ನಾನು ಏನನ್ನೂ ಮಾಡಲಾರೆ ಎಂದು ಅವನೊಬ್ಬ ಕೂತ. ಏನೂ ಬದಲಾಗಲಿಲ್ಲ. ಊರಲ್ಲಿದ್ದ ಆರು ಸೇನಾಪತಿಗಳನ್ನು ಕೊಂದರು. ಅವರಲ್ಲಿ ಒಬ್ಬ ಪೆರಿಕ್ಲಿಸ್ ಮತ್ತು ಅಸ್ಪಾಸಿಯಾಳ ಮಗ. ಜನ ಆಮೇಲೆ ಪಶ್ಚಾತ್ತಾಪಪಟ್ಟು ಸೂಚನೆ ತಂದವನ ಮೇಲೆಯೇ ದೂರು ಹಾಕಿದರು, ಸತ್ತವರು ಸತ್ತಿದ್ದರು.

ಎರಡು ವರ್ಷದಲ್ಲಿ ಅಥೆನ್ಸ್ ಸೋತು ಶರಣಾಯಿತು. ಸ್ಪಾರ್ಟಾದ ಬೆಂಬಲದಲ್ಲಿ ಗದ್ದುಗೆಯೇರಿದ ಮೂವತ್ತು ಜನರ ಕೂಟ ಕೆಲವೇ ತಿಂಗಳಲ್ಲಿ ಸುಮಾರು 1500 ಜನರನ್ನು ಕೊಂದಿತು. ಕ್ರಿ.ಪೂ. 403ರಲ್ಲಿ ಅವರನ್ನು ಓಡಿಸಿ ಮರಳಿದ ಪ್ರಜಾಪ್ರಭುತ್ವ ಮಾಡಿದ ಕೆಲಸ ದೊಡ್ಡದು: ಹಳೆಯ ಕೆಡುಕನ್ನು ಎತ್ತಿ ಆಡುವುದಿಲ್ಲ ಎಂದು ಊರೆಲ್ಲ ಆಣೆಯಿಟ್ಟಿತು. ಅಂದಂದಿನ ಮತದಾನ ಮೂಲ ಕಾನೂನನ್ನು ಮೀರಕೂಡದು, ಕಾನೂನು ಬದಲಿಸಲು ಬೇರೆಯೇ ಕ್ರಮ ಇರಬೇಕು ಎಂದೂ ಗೊತ್ತುಮಾಡಿಕೊಂಡಿತು. ಸಿಟ್ಟಿಗೆ ಕಡಿವಾಣ ಬೇಕೆಂದು ಅವರು ಕಲಿತಿದ್ದರು. ನ್ಯಾಯಾಲಯದಲ್ಲಿ ಮಾತ್ರ ಹಳೆಯ ಪದ್ಧತಿ ಉಳಿಯಿತು: ಚೀಟಿಯಲ್ಲಿ ಬಂದ ನೂರಾರು ಪೌರರು, ನ್ಯಾಯಾಧೀಶರಿಲ್ಲ, ಮೇಲ್ಮನವಿಯಿಲ್ಲ, ಎಂಥ ಮೊಕದ್ದಮೆಯಾದರೂ ಒಂದೇ ದಿನದಲ್ಲಿ ಇತ್ಯರ್ಥ.

ಕ್ರಿ.ಪೂ. 399ರಲ್ಲಿ ಎಪ್ಪತ್ತರ ಸಾಕ್ರೆಟಿಸ್ ಅಂಥ ಸುಮಾರು 500 ಜನರ ಮುಂದೆ ನಿಂತ. ನಗರದ ದೇವರನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಹುಡುಗರನ್ನು ಕೆಡಿಸುತ್ತಾನೆ ಎಂಬ ದೂರು. ಹೇಳದೆ ಉಳಿದ ದೂರು ಬೇರೆಯಿತ್ತು. ಮೂವತ್ತರ ಕೂಟದ ಮುಂದಾಳು ಕ್ರಿಟಿಯಾಸ್ ಅವನ ಹಳೆಯ ಒಡನಾಡಿ. ಸಿಸಿಲಿಯ ಹುಚ್ಚು ಹತ್ತಿಸಿ ಆಮೇಲೆ ಶತ್ರುವಿನ ಕಡೆ ಹಾರಿದ ಆಲ್ಸಿಬಯಾಡೀಸನೂ ಅವನ ಬಳಿ ಸುಳಿದಾಡಿದವನೇ. ಕೆಡುಕನ್ನು ಎತ್ತುವುದಿಲ್ಲವೆಂಬ ಆಣೆಯಿಂದಾಗಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮೇಲಾಗಿ ಅವನು ಊರಿನ ನಂಬಿಕೆಯ ಬುಡಕ್ಕೇ ಕೈ ಹಾಕಿದ್ದ. ಊರು ನಿಂತಿದ್ದದ್ದು ಒಪ್ಪಿಸುವ ಮಾತಿನ ಮೇಲೆ. ಆ ಕಲೆಯನ್ನು ದುಡ್ಡಿಗೆ ಕಲಿಸುವ ಸೋಫಿಸ್ಟರು ಬೀದಿಗೊಬ್ಬರಿದ್ದರು. ಒಪ್ಪಿಸಬಲ್ಲೆ ಸರಿ, ಆದರೆ ನಿನಗೆ ಗೊತ್ತಿದೆಯೇ ಎಂದು ಸಾಕ್ರೆಟಿಸ್ ಸಂತೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳುತ್ತಿದ್ದ. ನ್ಯಾಯ ಎಂದರೇನು? ಧೈರ್ಯ ಎಂದರೇನು? ಉತ್ತರ ತಡವರಿಸಿದಾಗ ಸುತ್ತ ನಿಂತ ಹುಡುಗರು ನಗುತ್ತಿದ್ದರು.

ಮೂವತ್ತು ಮತ ಅತ್ತಿತ್ತ ಆಗಿದ್ದರೆ ಬಿಡುಗಡೆಯಾಗುತ್ತಿತ್ತು. ತಪ್ಪಿತಸ್ಥನೆಂದ ಮೇಲೆ ಎರಡನೇ ಮತದಲ್ಲಿ ಮರಣದಂಡನೆಯಾಯಿತು. ಆ ಎರಡು ಮತಗಳ ನಡುವೆ ಅವನು ಆಡಿದನೆಂದು ಪ್ಲೇಟೋ ಬರೆದಿಟ್ಟ ಮಾತು ಇದು: ಬೇರೆ ಕಡೆಗಳಲ್ಲಿರುವಂತೆ ಸಾವಿನ ಮೊಕದ್ದಮೆಯನ್ನು ಒಂದೇ ದಿನದಲ್ಲಿ ಮುಗಿಸದೆ ಹಲವು ದಿನ ನಡೆಸುವ ಕಾನೂನು ನಿಮ್ಮಲ್ಲೂ ಇದ್ದಿದ್ದರೆ, ನಿಮ್ಮನ್ನು ಒಪ್ಪಿಸಿಬಿಡುತ್ತಿದ್ದೆ, ಇಷ್ಟು ಚಿಕ್ಕ ಹೊತ್ತಿನಲ್ಲಿ ಇಷ್ಟು ದೊಡ್ಡ ಅಪವಾದ ತೊಳೆಯುವುದು ಸುಲಭವಲ್ಲ. ಸಾಕ್ರೆಟಿಸ್ ಕೇಳಿದ್ದು ಮಿಟಿಲೀನಿಗೆ ಸಿಕ್ಕ ಆ ಇನ್ನೊಂದು ದಿನವನ್ನೇ.

ಆಗ ಇಪ್ಪತ್ತರ ಕೊನೆಯಲ್ಲಿದ್ದ ಪ್ಲೇಟೋ ನ್ಯಾಯಾಲಯದಲ್ಲಿಯೇ ಇದ್ದ, ದಂಡ ಕಟ್ಟಿಸಿಕೊಳ್ಳಿ ನಾವು ಜಾಮೀನು ಎಂದವರಲ್ಲಿ ಒಬ್ಬ. ಗುಂಪಿನ ಮೇಲೆ ಅವನಿಗೆ ಮತ್ತೆ ನಂಬಿಕೆ ಹುಟ್ಟಲಿಲ್ಲ. ಹಡಗು ನಡೆಸಲು ನಕ್ಷತ್ರ ಬಲ್ಲವನು ಬೇಕು, ನಾವಿಕರ ಕೂಗಾಟವಲ್ಲ ಎಂದು ಜೀವನವಿಡೀ ವಾದಿಸಿದ. ಅವನ ಶಿಷ್ಯ ಅರಿಸ್ಟಾಟಲ್ ಅಥೆನ್ಸಿನ ಪೌರನಲ್ಲ, ಮತವೂ ಇರಲಿಲ್ಲ. ಹೊರಗೆ ನಿಂತು ನೋಡಿದ ಅವನಿಗೆ ಬೇರೆಯದೇ ಹೊಳೆಯಿತು: ಒಬ್ಬ ಹಣ ಹಾಕಿ ಮಾಡಿಸಿದ ಅಡುಗೆಗಿಂತ ಹತ್ತು ಮನೆಯವರು ಒಂದೊಂದು ತಂದು ಸೇರಿಸಿದ ಊಟ ಚೆನ್ನಾಗಿರಬಹುದು, ಒಬ್ಬೊಬ್ಬರೂ ಅಷ್ಟೇನೂ ಜಾಣರಲ್ಲದಿದ್ದರೂ ಸೇರಿ ಕೂತಾಗ ಒಬ್ಬ ಜಾಣನಿಗಿಂತ ಚೆನ್ನಾಗಿ ತೀರ್ಮಾನಿಸಬಹುದು. ಮಿಟಿಲೀನಿನ ಎರಡನೇ ದಿನ ನೆನೆದರೆ ಅರಿಸ್ಟಾಟಲ್ ಸರಿ. ಆರ್ಗಿನೂಸೆ ನೆನೆದರೆ ಪ್ಲೇಟೋ ಸರಿ. ನಾನು ಅರಿಸ್ಟಾಟಲನ ಕಡೆ ವಾಲುತ್ತೇನೆ, ಪ್ಲೇಟೋನ ನೋವನ್ನು ಮರೆಯದೆ.

ತೀರ್ಪಾದರೂ ಸಾಕ್ರೆಟಿಸನನ್ನು ಕೂಡಲೇ ಕೊಲ್ಲುವಂತಿರಲಿಲ್ಲ. ವರ್ಷಕ್ಕೊಮ್ಮೆ ಡೆಲೋಸಿನ ಅಪೊಲೊ ದೇವರಿಗೆ ಹರಕೆ ಹೊತ್ತ ಹಡಗೊಂದು ಹೋಗಿಬರುತ್ತಿತ್ತು. ಅದರ ಹಿಂಬದಿಗೆ ಹೂಮಾಲೆ ಕಟ್ಟಿದ ಗಳಿಗೆಯಿಂದ ಹಡಗು ಮರಳುವವರೆಗೆ ಊರಿಗೆ ಮಡಿ, ಮರಣದಂಡನೆ ಕೂಡದು. ಆ ವರ್ಷ ಮಾಲೆ ಕಟ್ಟಿದ್ದು ವಿಚಾರಣೆಯ ಹಿಂದಿನ ದಿನ. ಗಾಳಿ ಎದುರಾದರೆ ಹಡಗು ತಡವಾಗುತ್ತದೆ. ಆ ಸಲ ಸುಮಾರು ತಿಂಗಳು ಹಿಡಿಯಿತು. ಅಷ್ಟು ದಿನವೂ ಸ್ನೇಹಿತರು ಬೆಳಗಾಗುತ್ತಲೇ ಸೆರೆಮನೆಗೆ ಬಂದು ಅವನೊಂದಿಗೆ ಕೂತು ಮಾತಾಡಿದರು. ಒಂದು ನಸುಕಿನಲ್ಲಿ ಕ್ರಿಟೋ ಬಂದು, ಮಲಗಿದ್ದವನನ್ನು ಎಬ್ಬಿಸದೆ ಬಹಳ ಹೊತ್ತು ಪಕ್ಕದಲ್ಲೇ ಕೂತಿದ್ದ. ಎಚ್ಚರವಾದ ಮೇಲೆ ಹೇಳಿದ: ಸೂನಿಯಮ್ ಭೂಶಿರದಿಂದ ಬಂದವರು ಹಡಗನ್ನು ಅಲ್ಲಿ ಬಿಟ್ಟು ಬಂದಿದ್ದಾರೆ, ಇಂದೇ ಬರುವಂತಿದೆ. ಇಂದು ಬರಲಿಕ್ಕಿಲ್ಲ, ನಾಳೆ ಬರುತ್ತದೆ ಎಂದ ಸಾಕ್ರೆಟಿಸ್.